ಅಂಗೈಗೆ ಹೊಲಿದ ಸೀಟು

ಜೂನ್ ೪

ನನ್ನ ಕಪ್ಪೆಗೆ,

ನಿನ್ನ ಕಾಗದ ಸೋಮವಾರ ಬಂತು. ಅಂಚೆಯವನು ಅಂಗಡಿಯ ಬಾಗಿಲಿಗೇ ತಂದುಕೊಟ್ಟ. ಆಗ ನಾನು ಯಾರದೋ ಸ್ಕೂಟರಿನ ಸೀಟಿನ ಹಳೇ ರೆಕ್ಸಿನ್ ಸುಲಿಯುತ್ತಿದ್ದೆ. ಒಳಗಿನ ಸ್ಪಂಜಿನಲ್ಲಿ ಇಲಿ ಸಂಸಾರ ಹೂಡಿತ್ತು. ಕೈ ತೊಳೆದುಕೊಂಡು ಬರುವಷ್ಟರಲ್ಲಿ ನಿನ್ನಪ್ಪ ಕಾಗದ ಬಿಡಿಸಿ ಓದಿ ಮುಗಿಸಿದ್ದ. "ಚೆನ್ನಾಗಿದ್ದಾಳಂತೆ" ಅಂದವನೇ ಮತ್ತೆ ಕಾರ್ಬುರೇಟರಿನೊಳಗೆ ಮೂತಿ ತೂರಿಸಿದ. ಮೂರು ಪುಟ ಅವನಿಗೆ ಒಂದು ಮಾತಾಯಿತು. ನಾಲ್ಕನೇ ಕ್ಲಾಸಿನವರೆಗಾದರೂ ನಾನು ಓದಿಕೊಂಡದ್ದು ಒಳ್ಳೆಯದಾಯಿತು.

ಬೈಕ್ ರೇಸಿನ ತರಬೇತಿ ಶಿಬಿರದಲ್ಲಿ ಫೋನು ಕಿತ್ತಿಟ್ಟುಕೊಳ್ಳುತ್ತಾರೆ ಎಂದು ಅತ್ತುಕೊಂಡು ಬರೆದಿದ್ದೀಯ. ನನಗೆ ಅದೇ ಸಂತೋಷ. ಫೋನಿನಲ್ಲಿ ನೀನು ಹೂಂ ಹೂಂ ಅಂದು ಇಟ್ಟುಬಿಡುತ್ತೀಯ, ನನ್ನ ಎಡಗಿವಿಗೆ ಅದೂ ಬೀಳುವುದಿಲ್ಲ. ಕಾಗದವಾದರೆ ಏನು ಬರೆದೆ, ಏನು ಬಿಟ್ಟೆ, ಎರಡೂ ಕಾಣುತ್ತವೆ.

ಈ ಸಲ ಕಂಡದ್ದು ಹೇಳುತ್ತೇನೆ ಕೇಳು. ಅಲ್ಲಿ ನಿಮಗೆ ಕಲಿಸುವವಳು, ಆ "ಮೇಡಂ" ಎಂಬ ಮಾತು ಎಷ್ಟು ಸಲ ಬಂದಿದೆ ಎಂದು ಎಣಿಸಲು ಹೋಗಿ ಬೆರಳು ಸಾಲದೆ ಬಿಟ್ಟೆ. ಮೇಡಂ ಹೀಗಂದರು, ಮೇಡಂ ಹಾಗಂದರು, ಮೇಡಂ ಮೂಳೆ ಮುರಿದುಕೊಂಡೂ ರೇಸು ಮುಗಿಸಿದ್ದಾರೆ. ಮೂಳೆ ಮುರಿದುಕೊಳ್ಳುವುದರಲ್ಲಿ ಏನು ಹೆಚ್ಚುಗಾರಿಕೆಯೋ ನನಗೆ ತಿಳಿಯದು. ಬಿದ್ದರೆ ಯಾರದಾದರೂ ಮುರಿಯುತ್ತದೆ. ಅಜ್ಜಿ ಎಂಬ ಮಾತು ಒಂದೇ ಸಲ ಬಂದಿದೆ, ಅದೂ ವಿಳಾಸದಲ್ಲಿ.

ಇನ್ನು ಕೈ ವಿಷಯ. ಬೈಕು ಹತ್ತಿ ನಾಲ್ಕನೇ ಸುತ್ತಿಗೆ ಮುಂಗೈ ಕಲ್ಲಾಗುತ್ತದೆ, ಬ್ರೇಕ್ ಹಿಡಿಯಲು ಬೆರಳು ಮಡಚುವುದಿಲ್ಲ, ಭುಜ ಕಿತ್ತು ಬಂದಂತಾಗುತ್ತದೆ ಎಂದಿದ್ದೀಯ. ಆಗಸ್ಟಿನಲ್ಲಿ ತಂಡದ ಆಯ್ಕೆ, ಉಳಿದಿರುವುದು ಒಂದೇ ಜಾಗ, ಅದಕ್ಕೆ ನೀನು ಮತ್ತು ಆ ನೀಲಿ ಹೆಲ್ಮೆಟ್ಟಿನ ಹುಡುಗಿ. ಅವಳಿಗೆ ಎಂಟು ಸುತ್ತಾದರೂ ಕೈ ನೋಯುವುದಿಲ್ಲ ಎಂದೂ ಬರೆದಿದ್ದೀಯ. ಆ ಸಾಲಿನಲ್ಲಿ ಪೆನ್ನು ಕಾಗದವನ್ನು ತೂತು ಮಾಡಿದೆ. ನೋಡಿದೆ.

ಅದಕ್ಕೆ ನಿಮ್ಮ ಮೇಡಮ್ಮ ಕೊಟ್ಟ ಮದ್ದು "ಹ್ಯಾಂಡಲ್ ಸಡಿಲ ಹಿಡಿ" ಎಂಬುದಂತೆ. ಓದಿ ನಗು ಬಂತು. ಅಂಗಡಿ ಹಿಂದಿನ ಗಲ್ಲಿಯಲ್ಲಿ ನಿನ್ನನ್ನು ಸೈಕಲ್ಲಿನ ಮೇಲೆ ಕೂರಿಸಿ, ಸೀಟು ಹಿಡಿದು ಹಿಂದೆ ಓಡಿದವಳು ನಾನು. "ಬಿಗಿಯಾಗಿ ಹಿಡ್ಕೋ, ಕೈಬಿಟ್ರೆ ಮೂತಿ ಹೋಗುತ್ತೆ" ಎಂದು ಕಲಿಸಿದವಳೂ ನಾನೇ. ಆ ಮೂತಿ ಇವತ್ತಿಗೂ ಇದ್ದ ಜಾಗದಲ್ಲೇ ಇದೆಯಲ್ಲ. ಮೇಡಮ್ಮನಿಗೆ ತೋರಿಸು.

ಊಟ ಬಿಡಬೇಡ.

ನಿನ್ನ ಹಿಂದೆ ಓಡಿ ಮಂಡಿ ಸವೆಸಿಕೊಂಡ
ಅಜ್ಜಿ

ಜೂನ್ ೧೩

ಅಜ್ಜಿ,

ಈ ಕಾಗದದ ಮೊದಲ ಮಾತೇ ಅಜ್ಜಿ. ಎಣಿಸಿಕೋ.

ನಿನಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಇಲ್ಲಿಯ ಟ್ರ್ಯಾಕು ರಸ್ತೆಯಲ್ಲ, ಬರೀ ಮಣ್ಣು. ದಿಬ್ಬ, ಹಳ್ಳ, ತಿರುವು, ಮತ್ತೆ ದಿಬ್ಬ. ಬೈಕು ದಿಬ್ಬದಿಂದ ಹಾರಿ ಕೆಳಗೆ ಬೀಳುವಾಗ ಅದರ ಪೆಟ್ಟೆಲ್ಲ ನಮ್ಮ ಮೈಗೆ ಬರುತ್ತದೆ. ಆ ಪೆಟ್ಟನ್ನು ಕಾಲು ತಿನ್ನಬೇಕು, ಕೈ ತಿನ್ನಬಾರದು. ಕಾಲಿಡುವ ಕಡ್ಡಿಯ ಮೇಲೆ ಎದ್ದು ನಿಂತು, ಮೊಣಕಾಲಿನಿಂದ ಬೈಕನ್ನು ಅವುಚಿ ಹಿಡಿದು, ಸೊಂಟದಿಂದ ಬಗ್ಗಿ, ಮೊಣಕೈ ಹೊರಗೆ ಮಾಡಿಕೊಂಡಿರಬೇಕು. ಕೈ ಇರುವುದು ದಾರಿ ತೋರಿಸುವುದಕ್ಕೆ ಮಾತ್ರ. ನಾನು ಮೊಣಕಾಲು ಮರೆತು ಕೈಯಲ್ಲೇ ನೇತಾಡುತ್ತೇನಂತೆ. "ಸಿಟಿ ಬಸ್ಸಿನಲ್ಲಿ ಕಂಬಿ ಹಿಡ್ಕೊಂಡವರ ಥರ ಇದೀಯ" ಅಂದರು, ಯಾರು ಅಂತ ಹೇಳುವುದಿಲ್ಲ, ನೀನು ಎಣಿಸುತ್ತೀಯ.

ಇನ್ನೊಂದು ತಪ್ಪು ಉಸಿರು. ದಿಬ್ಬ ಕಂಡ ಕೂಡಲೇ ಉಸಿರು ಕಟ್ಟುತ್ತೇನೆ, ಕಟ್ಟಿದೊಡನೆ ಭುಜ ಕಿವಿಗೆ ಬರುತ್ತದೆ, ಮುಷ್ಟಿ ಬಿಗಿಯುತ್ತದೆ. ಅದಕ್ಕೆ ಹೆಲ್ಮೆಟ್ಟಿನೊಳಗೆ ಜೋರಾಗಿ ಮಾತಾಡುತ್ತ ಓಡಿಸಲು ಹೇಳಿದ್ದಾರೆ. ಮಾತಾಡುವವರಿಗೆ ಉಸಿರು ಕಟ್ಟಲು ಬರುವುದಿಲ್ಲವಂತೆ. ನಾನು ಏನು ಮಾತಾಡುತ್ತೇನೆ ಎಂದು ಕೇಳಬೇಡ, ಹೇಳುವುದಿಲ್ಲ.

ನೀಲಿ ಹೆಲ್ಮೆಟ್ಟಿನವಳು ನನ್ನ ಕೋಣೆಯಲ್ಲೇ ಇದ್ದಾಳೆ. ಎಲ್ಲರೂ ಅವಳನ್ನು ನೀಲಿ ಅಂತಲೇ ಕರೆಯುವುದು. ಅವಳ ಕೈ ನೋಡಿದರೆ ಪೊರಕೆ ಕಡ್ಡಿ. ಅಂಥ ಕೈಗೆ ಸುಸ್ತೇ ಇಲ್ಲ. ದಿನಾ ಸಂಜೆ ಟ್ರ್ಯಾಕಿನಿಂದ ಬಂದು ಬಾಟಲಿಯ ಮುಚ್ಚಳ ಒಂದೇ ತಿರುವಿಗೆ ತೆಗೆದು ನೀರು ಕುಡಿಯುತ್ತಾಳೆ. ನಾನು ಅದೇ ಬಾಟಲಿಯನ್ನು ತೊಡೆ ಸಂದಿಯಲ್ಲಿಟ್ಟುಕೊಂಡು ಹಲ್ಲು ಕಚ್ಚಬೇಕು. ಮೇಡಂ ಅವಳ ಭುಜ ತಟ್ಟುತ್ತಾರೆ. ನನಗೆ ಬರೀ ಪಾಠ.

ಅಂಗೈಯೆಲ್ಲ ಬೊಬ್ಬೆ. ಮೇಡಂ ತಮ್ಮದೇ ಹಳೇ ಕೈಗವಸು ಕೊಟ್ಟಿದ್ದಾರೆ. ಈರುಳ್ಳಿ ಸಿಪ್ಪೆಯಷ್ಟು ತೆಳು.

ಅಮ್ಮ ಬಸ್ ಡ್ಯೂಟಿ ಮುಗಿಸಿ ಬಂದಾಗ ನನ್ನ ಕಡೆಯಿಂದ ಅವಳ ಕಾಲು ಒತ್ತು. ಅಪ್ಪನ ಮೂತಿಯನ್ನು ಕಾರ್ಬುರೇಟರಿನಿಂದ ಆಚೆ ಎಳೆ.

ನಿನ್ನ ಕಪ್ಪೆ

ಜೂನ್ ೨೨

ಕಪ್ಪೆಗೆ,

ಎಣಿಸಿದೆ. ಅಜ್ಜಿ ಎರಡು, ಮೇಡಂ ಎರಡು, ಹೆಸರು ಹೇಳದೆ ಕದ್ದು ತಂದದ್ದು ಎರಡು. ಲೆಕ್ಕ ಇನ್ನೂ ಅವಳ ಕಡೆಗೇ ವಾಲಿದೆ.

ತನ್ನ ಹಳೇ ಕೈಗವಸು ಕೊಟ್ಟಳಂತೆ. ಕೊಡುವುದಾದರೆ ಹೊಸದು ಕೊಡಬೇಕಿತ್ತು. ಬೊಬ್ಬೆ ಎದ್ದ ಅಂಗೈಗೆ ಈರುಳ್ಳಿ ಸಿಪ್ಪೆ ಸುತ್ತುವ ಬುದ್ಧಿ ಯಾರಿಗಾದರೂ ಬರುತ್ತದೆಯೇ? ನಿನ್ನ ಕಾಗದ ಓದಿದ ದಿನ ನನಗೆ ಊಟ ಸೇರಲಿಲ್ಲ. "ಅಜೀರ್ಣನಾ?" ಎಂದು ನಿನ್ನಪ್ಪ ಕೇಳಿದ. ಹೌದು, ಒಬ್ಬಳು ಅಜೀರ್ಣವಾಗಿದ್ದಾಳೆ ಎಂದೆ.

ಈ ಊರಿನ ಅರ್ಧ ಜನ ಕೂರುವುದು ನಾನು ಹೊಲಿದ ಸೀಟಿನ ಮೇಲೆ. ಎಂಥೆಂಥವರ ಹಿಂಭಾಗಕ್ಕೋ ಮೆತ್ತಗೆ ಮಾಡಿಕೊಟ್ಟಿದ್ದೇನೆ, ಮೊಮ್ಮಗಳ ಅಂಗೈಗೆ ಮಾಡಲಾರೆನೇ? ನೀನು ಹೊರಡುವ ದಿನ ಗ್ರೀಸ್ ಮೆತ್ತಿದ ಕೈಯನ್ನು ಅಂಗಡಿಯ ಗೋಡೆಗೆ ಒತ್ತಿ ಹೋದೆಯಲ್ಲ, ಬೈದಿದ್ದೆ. ಅದರ ಮೇಲೆಯೇ ಕಾಗದವಿಟ್ಟು ಅಳತೆ ತೆಗೆದೆ. ದುಬಾರಿ ಬೈಕುಗಳಿಗೆ ಹಾಕುವ ಒಳ್ಳೇ ಸ್ಪಂಜು, ಅದೂ ಎರಡು ಪದರ. ಮೇಲೆ ಮೃದುವಾದ ರೆಕ್ಸಿನ್. ಬೆರಳಿಗೆಲ್ಲ ಬೇರೆ ಬೇರೆ ತುಂಡು ಕೊಟ್ಟು ಹೊಲಿದಿದ್ದೇನೆ. ದಪ್ಪ ಸೂಜಿ ಎರಡು ಮುರಿದವು. ಯಂತ್ರ ಹೋಗದ ಕಡೆ ಕೈಯಲ್ಲೇ ಹಾಕಿದೆ.

ಪೊಟ್ಟಣದಲ್ಲಿದೆ. ಹಾಕಿಕೊಂಡು ಮೇಡಮ್ಮನ ಮುಂದೆ ಒಂದು ಸಲ ನಡೆದಾಡು.

ಆ ನೀಲಿಯ ಕೈಗೆ ಸುಸ್ತಿಲ್ಲದಿರಲು ಏನೋ ಮರ್ಮವಿರಬೇಕು. ಒಂದೇ ಕೋಣೆಯಲ್ಲಿದ್ದೀಯ, ಕಣ್ಣಿಡು. ಒಳ್ಳೆಯವಳ ಹಾಗೆ ಕಂಬಳಿ ಮಡಚಿ ಇಡುವವರನ್ನು ನಾನು ನಂಬುವುದಿಲ್ಲ. ಮಡಚಿ ಇಡುತ್ತಾಳೋ ಇಲ್ಲವೋ ನೀನು ಬರೆದಿಲ್ಲ, ಇಟ್ಟೇ ಇಡುತ್ತಾಳೆ.

ತೆಳುವಾದದ್ದು ಒಗ್ಗದ, ದಪ್ಪ ಕೈಯ
ಅಜ್ಜಿ

ಜುಲೈ ೮

ಅಜ್ಜಿ,

ಕೈಗವಸು ಬಂತು. ಎಷ್ಟು ಮೆತ್ತಗಿದೆ ಎಂದರೆ ಮೊದಲ ದಿನ ಕೆನ್ನೆಯ ಕೆಳಗೆ ಇಟ್ಟುಕೊಂಡು ಮಲಗಿದೆ. ನಮ್ಮ ಅಂಗಡಿಯ ವಾಸನೆ ಬರುತ್ತದೆ. ಹೊಲಿಗೆ ನೋಡಿ ಎಲ್ಲರೂ ಹೊಗಳಿದರು.

ಇಲ್ಲಿ ಕೆಲಸ ಬಹಳ, ಹೆಚ್ಚು ಬರೆಯಲು ಆಗುತ್ತಿಲ್ಲ. ಮೊನ್ನೆ ಮುಂಗೈ ಮರದ ತುಂಡಾಗಿ ಬೈಕಿನಿಂದ ಇಳಿದರೂ ಬೆರಳು ಬಿಡಿಸಲಾಗಲಿಲ್ಲ. ಮೇಡಂ ಮಣ್ಣಿನಲ್ಲೇ ಕೂತು ಅಮ್ಮನ ಹಾಗೆ ಒಂದೊಂದೇ ಬೆರಳು ಬಿಡಿಸಿ ತಿಕ್ಕಿದರು. "ಕೈಗೆ ಇನ್ನೂ ಶಕ್ತಿ ಬರಿಸ್ತೀನಿ ಅಂತ ಕಸರತ್ತು ಮಾಡಬೇಡ, ಅದು ಇನ್ನೂ ಬಿಗಿಯುತ್ತೆ. ಬೆನ್ನು, ಹೊಟ್ಟೆ, ತೊಡೆ, ಅವಕ್ಕೆ ಕೆಲಸ ಕೊಡು" ಅಂದರು. ಈಗ ದಿನಾ ಬೆಳಗ್ಗೆ ಹಲಗೆಯ ಹಾಗೆ ನೆಟ್ಟಗೆ ಮಲಗಿ ಮೊಣಕೈ ಮೇಲೆ ಮೈ ಎತ್ತಿ ಹಿಡಿಯುವುದು. ನೇರ ದಾರಿ ಬಂದಾಗಲೆಲ್ಲ ಬೆರಳು ಬಿಚ್ಚಿ ಅಲ್ಲಾಡಿಸುವುದು.

ಸೀಟು ಬೇರೆ ಜಾರುತ್ತದೆ. ಶಿಬಿರದ ಬೈಕುಗಳದು ಹಳೇ ನುಣ್ಣನೆ ಸೀಟು. ಆಕ್ಸಿಲರೇಟರ್ ಕೊಟ್ಟ ಕೂಡಲೇ ಮೈ ಹಿಂದಕ್ಕೆ ಸರಿಯುತ್ತದೆ, ಸರಿದರೆ ಕೈಯಲ್ಲಿ ಜೋತು ಬೀಳಬೇಕು. ನೀಲಿಯದೂ ಹಾಗೇ ಇದೆ, ಆದರೆ ಅವಳು ಸರಿಯುವುದಿಲ್ಲ.

ಹೌದು, ಕಂಬಳಿ ಮಡಚಿ ಇಡುತ್ತಾಳೆ. ನನ್ನದನ್ನೂ.

ಕಪ್ಪೆ

ಜುಲೈ ೧೯

ಕಪ್ಪೆಗೆ,

ಅಮ್ಮನ ಹಾಗೆ ಅಂತ ಬರೆದಿದ್ದೀಯ. ಸರಿ.

ನಿನ್ನಮ್ಮ ರಾತ್ರಿ ಬಸ್ ಡ್ಯೂಟಿ ಮುಗಿಸಿ ಬಂದಾಗ, ಟಿಕೆಟ್ ಚೀಲ ಇನ್ನೂ ಹೆಗಲಿನಲ್ಲಿರುವಾಗಲೇ ಆ ಸಾಲು ಓದಿ ತೋರಿಸಿದೆ. ನಕ್ಕಳು. "ಯಾರೋ ನೋಡ್ಕೋತಿದಾರಲ್ಲ ಅತ್ತೆ, ಒಳ್ಳೇದೇ ಆಯ್ತು" ಅಂದಳು. ಅವಳಿಗೆ ಹೊಟ್ಟೆ ಉರಿಸಿಕೊಳ್ಳಲೂ ಪುರುಸೊತ್ತಿಲ್ಲ. ಹಾಗಾಗಿ ಅವಳ ಪಾಲಿನದ್ದನ್ನೂ ನಾನೇ ಉರಿಸಿಕೊಳ್ಳುತ್ತಿದ್ದೇನೆ.

ಬೆರಳು ಬಿಡಿಸಿ ತಿಕ್ಕಿದಳಂತೆ. ನಿನಗೆ ಮೊದಲ ಸಲ ಸೂಜಿ ಚುಚ್ಚಿದಾಗ ಅದೇ ಬೆರಳನ್ನು ಬಾಯಲ್ಲಿಟ್ಟುಕೊಂಡವಳು ಯಾರು? ಹೋಗಲಿ, ಅದನ್ನೆಲ್ಲ ಎತ್ತಿ ಆಡುವುದಿಲ್ಲ.

ನಾನು ಗಮನಿಸಿದ್ದು ಬೇರೆ. ಕೈಗವಸನ್ನು ಕೆನ್ನೆಯ ಕೆಳಗೆ ಇಟ್ಟುಕೊಂಡೆ ಎಂದಿದ್ದೀಯ. ಕೈಗೆ ಹಾಕಿಕೊಂಡೆ ಎಂದಿಲ್ಲ. ಅದನ್ನು ಹಾಕಿಕೊಂಡು ಎಷ್ಟು ಸುತ್ತು ಹೊಡೆದೆ, ಬರಿ. ಮೇಡಮ್ಮನ ಸಿಪ್ಪೆಯನ್ನು ಎಸೆದೆಯೋ ಇಲ್ಲವೋ, ಅದನ್ನೂ ಬರಿ.

ಆ ನೀಲಿ ನಿನ್ನ ಕಂಬಳಿ ಏಕೆ ಮುಟ್ಟುತ್ತಾಳೆ? ಒಳ್ಳೆಯತನ ತೋರಿಸಿ ಎದುರಾಳಿಯನ್ನು ಮೆತ್ತಗೆ ಮಾಡುವವರು ಇರುತ್ತಾರೆ. ನಮ್ಮ ಎದುರಿನ ಸೀಟ್ ಅಂಗಡಿಯವನು ಮೊದಲು ನನಗೆ ಟೀ ಕಳಿಸಿದ, ಆಮೇಲೆ ನನ್ನ ಗಿರಾಕಿಗಳನ್ನು ಕರೆದುಕೊಂಡ. ಒಂದೇ ಜಾಗವಿರುವುದು ಎಂಬುದನ್ನು ಮರೆಯಬೇಡ. ಅವಳೇನು ನಿನಗೆ ಬಿಟ್ಟುಕೊಡುತ್ತಾಳೆಯೇ? ನೀನೂ ಬಿಡಬೇಡ.

ಕೆನ್ನೆಗೆ ಹೊಲಿಯದ
ಅಜ್ಜಿ

ಆಗಸ್ಟ್ ೧೭

ಅಜ್ಜಿ,

ಆಯ್ಕೆ ಮುಗಿಯಿತು. ಆ ಜಾಗ ನನಗೆ ಸಿಕ್ಕಿತು. ಕೈ ಕೊನೆಯವರೆಗೆ ತಡೆಯಿತು.

ನೀಲಿ ಆರನೇ ಸುತ್ತಿನಲ್ಲಿ ಬಿದ್ದಳು. ಮಣಿಕಟ್ಟು ಊದಿದೆ, ಮುರಿದಿಲ್ಲ.

ಅಪ್ಪ ಅಮ್ಮನಿಗೆ ಹೇಳು.

ಕಪ್ಪೆ

ಆಗಸ್ಟ್ ೨೪

ನನ್ನ ಬಂಗಾರದ ಕಪ್ಪೆಗೆ,

ಗೆದ್ದವರು ಇಷ್ಟು ಚಿಕ್ಕ ಕಾಗದ ಬರೆಯುತ್ತಾರೆಯೇ? ಇರಲಿ, ಉಳಿದದ್ದನ್ನು ನಾನೇ ಸೇರಿಸಿಕೊಂಡು ಬೀದಿಗೆಲ್ಲ ಹೇಳಿದ್ದೇನೆ. ನೀಲಿ ಬಿದ್ದಳೆಂದು ಸಂತೋಷಪಡಬಾರದು, ಪಡಲಿಲ್ಲ. ಸ್ವಲ್ಪ ಪಟ್ಟೆ, ಆಮೇಲೆ ಬಿಟ್ಟೆ.

ಕೈ ತಡೆಯಿತು ಎಂದಿದ್ದೀಯ. ತಡೆಯದೆ ಏನು? ಎರಡು ಪದರ ಸ್ಪಂಜು ಹಾಕಿದ್ದೇನೆ. ಟೀ ಅಂಗಡಿಯವನ ಮುಂದೆ ಲೋಟ ಕೆಳಗಿಟ್ಟು ಹೇಳಿದೆ, "ಮೇಡಮ್ಮ ಮೂರು ತಿಂಗಳು ಸಡಿಲ ಹಿಡಿ ಸಡಿಲ ಹಿಡಿ ಅಂದ್ಲು, ಕೊನೆಗೆ ಗೆಲ್ಲಿಸಿದ್ದು ನನ್ನ ಹೊಲಿಗೆ." ಅವನು "ಹಾಗಾದ್ರೆ ನಮ್ಮ ಹುಡುಗನಿಗೂ ಒಂದು ಜೊತೆ ಹೊಲಿದುಕೊಡಿ" ಎಂದ. ಎದುರಿನ ಸೀಟ್ ಅಂಗಡಿಯವನು ಕೇಳಿಸಿಕೊಂಡ, ಕೇಳಿಸಲಿ ಎಂದೇ ಹೇಳಿದ್ದು. ಅವನ ಮುಖ ಪಂಕ್ಚರ್ ಆಯಿತು.

ಈಗ ನಿಮ್ಮ ಶಿಬಿರಕ್ಕೆಲ್ಲ ಆರು ಜೊತೆ ಹೊಲಿದಿಟ್ಟಿದ್ದೇನೆ. ತಂಡದವರಿಗೆ ಒಂದೊಂದು, ಆ ನೀಲಿಗೂ ಒಂದು, ಸೋತವಳಿಗೆ ಸಮಾಧಾನ. ಎಲ್ಲಕ್ಕಿಂತ ದಪ್ಪದ್ದು ನಿಮ್ಮ ಮೇಡಮ್ಮನಿಗೆ. ಕೈಗವಸು ಎಂದರೆ ಹೇಗಿರಬೇಕು ಎಂದು ನೋಡಿ ಕಲಿಯಲಿ. ಬರುವ ಸೋಮವಾರ ಪೊಟ್ಟಣ ಕಟ್ಟಿ ಕಳಿಸುತ್ತೇನೆ.

ಬೀದಿಯಲ್ಲಿ ಎದೆ ಮುಂದೆ ಮಾಡಿ ನಡೆಯುವ
ಅಜ್ಜಿ

ಆಗಸ್ಟ್ ೨೮

ಅಜ್ಜಿ,

ಪೊಟ್ಟಣ ಕಳಿಸಬೇಡ. ಈ ಕಾಗದ ಸೋಮವಾರಕ್ಕೆ ಮೊದಲು ಸಿಗಲಿ ಎಂದು ಇವತ್ತೇ ನಾನೇ ಅಂಚೆ ಕಚೇರಿಗೆ ಹೋಗುತ್ತಿದ್ದೇನೆ.

ನಿನ್ನ ಕೈಗವಸು ಹಾಕಿಕೊಂಡು ನಾನು ಓಡಿಸಿದ್ದು ಒಂದೇ ದಿನ. ಬೆರಳು ಬಿಡಿಸಲಾಗಲಿಲ್ಲ ಎಂದು ಬರೆದೆನಲ್ಲ, ಅದು ಆ ದಿನ. ಸ್ಪಂಜು ದಪ್ಪವಿದ್ದರೆ ಹಿಡಿ ದಪ್ಪವಾಗುತ್ತದೆ ಅಜ್ಜಿ. ದಪ್ಪ ಹಿಡಿಯನ್ನು ಹಿಡಿದಿರಲು ಇನ್ನೂ ಬಿಗಿಯಾಗಿ ಅಮುಕಬೇಕು. ಎರಡೇ ಸುತ್ತಿಗೆ ನನ್ನ ಮುಂಗೈ ಸತ್ತಿತು. ಬೇಜಾರಾಗುತ್ತದೆ ಎಂದು ನಿನಗೆ ಬರೆಯಲಿಲ್ಲ. ಮೇಡಂ ಕೊಟ್ಟ ತೆಳುವಾದದ್ದನ್ನೇ ಹಾಕಿಕೊಳ್ಳುತ್ತಿದ್ದೆ.

ಇಷ್ಟೇ ಆಗಿದ್ದರೆ ಈಗಲೂ ಬರೆಯುತ್ತಿರಲಿಲ್ಲ.

ಆಯ್ಕೆಯ ಬೆಳಗ್ಗೆ ನೀಲಿಯ ಕೈಗವಸಿನ ಅಂಗೈ ಹರಿದುಹೋಯಿತು. "ಒಂದು ಜೊತೆ ಇದ್ರೆ ಕೊಡ್ತೀಯಾ?" ಎಂದಳು. ನನ್ನ ಚೀಲದಲ್ಲಿ ಮೇಡಂ ಆಮೇಲೆ ಕೊಟ್ಟ ತೆಳುವಾದದ್ದು ಇನ್ನೊಂದು ಜೊತೆ ಇತ್ತು. ಮೇಲೆಯೇ ಇತ್ತು. ನಾನು ಅದನ್ನು ಪಕ್ಕಕ್ಕೆ ಸರಿಸಿ, ತಳದಿಂದ ನಿನ್ನದನ್ನು ತೆಗೆದು ಕೊಟ್ಟೆ.

ಹಾಕಿಕೊಂಡು ನೋಡಿ, "ಎಷ್ಟು ಚೆನ್ನಾಗಿ ಹೊಲಿದಿದಾರೆ, ಯಾರು?" ಎಂದಳು.

"ನಮ್ಮಜ್ಜಿ."

"ಪುಣ್ಯವಂತೆ ನೀನು" ಎಂದಳು.

ಆರನೇ ಸುತ್ತಿನ ತಿರುವಿನಲ್ಲಿ ಅವಳು ನನ್ನ ಮುಂದೆಯೇ ಇದ್ದಳು. ಬ್ರೇಕ್ ಅಮುಕಲು ಬೆರಳು ಬರಲಿಲ್ಲ, ಕಂಡಿತು ನನಗೆ. ನೆಟ್ಟಗೆ ಹೋಗಿ ಮಣ್ಣಿನ ದಂಡೆಗೆ ಬಡಿದಳು. ನಾನು ಪಕ್ಕದಿಂದ ಹೋದೆ.

ಸಂಜೆ ಕೋಣೆಗೆ ಬಂದಾಗ ಅವಳು ಊದಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಬಕೆಟ್ಟಿನಲ್ಲಿ ನಿನ್ನ ಕೈಗವಸು ತೊಳೆಯುತ್ತಿದ್ದಳು. "ನಿಮ್ಮಜ್ಜಿ ಕೊಟ್ಟಿದ್ದು, ಮಣ್ಣು ಹಾಗೇ ಒಣಗಿದ್ರೆ ಹಾಳಾಗುತ್ತೆ" ಎಂದಳು. ಈಗ ಅವು ನನ್ನ ಮಂಚದ ಕಂಬಿಯ ಮೇಲಿವೆ.

ಇಲ್ಲಿ ಯಾರಿಗೂ ಗೊತ್ತಿಲ್ಲ. ನಿನಗೆ ಮಾತ್ರ.

ಕಪ್ಪೆ

ಸೆಪ್ಟೆಂಬರ್ ೧೧

ಅಜ್ಜಿ, ಕಾಗದ ಸಿಕ್ಕಿತೇ? ಒಂದು ಸಾಲಾದರೂ ಬರಿ. ಬೈದಾದರೂ ಬರಿ.

ಕಪ್ಪೆ

ಸೆಪ್ಟೆಂಬರ್ ೨೬

ಕಪ್ಪೆಗೆ,

ಕಾಗದ ಸಿಕ್ಕಿತ್ತು. ಎರಡೂ ಸಿಕ್ಕಿದ್ದವು. ಬರೆಯಲು ಕೂತಾಗಲೆಲ್ಲ ಕೈ ಬೇರೆಯದನ್ನು ಬರೆಯುತ್ತಿತ್ತು, ಹರಿದು ಹಾಕಿದೆ. ನನ್ನ ಬಾಯಿ ನಿನಗೆ ಗೊತ್ತು. ಅಂಚೆಯವನಿಗೆ ಹೊರಲಾಗದಷ್ಟು ಭಾರದ ಮಾತು ಬರೆದಿದ್ದೆ.

ಮೊದಲು ಕೋಪ ಬಂದದ್ದು ನೀನು ಕೈಗವಸು ಹಾಕಿಕೊಳ್ಳಲಿಲ್ಲ ಎಂದು. ಬೇಕೆಂದೇ ಸುಳ್ಳು ಹೇಳುತ್ತಿದ್ದಾಳೆ, ಮೇಡಮ್ಮ ತಲೆ ಕೆಡಿಸಿದ್ದಾಳೆ ಎಂದುಕೊಂಡೆ. ಆ ಮಧ್ಯಾಹ್ನ ನಿನ್ನಪ್ಪ ಊಟಕ್ಕೆ ಹೋದಾಗ ಮೇಡಮ್ಮನಿಗೆಂದು ಹೊಲಿದ ದಪ್ಪದ್ದನ್ನು ಹಾಕಿಕೊಂಡು, ಸ್ಟ್ಯಾಂಡು ಹಾಕಿದ್ದ ಬೈಕೊಂದರ ಮೇಲೆ ಹತ್ತಿ ಕೂತೆ. ಹ್ಯಾಂಡಲ್ ಹಿಡಿದು ಬ್ರೇಕು ಕ್ಲಚ್ಚು ಅಮುಕಿ ಬಿಟ್ಟು, ಅಮುಕಿ ಬಿಟ್ಟು ಮಾಡಿದೆ. ಟೀ ಅಂಗಡಿಯವನು "ಯಾವ ಊರಿಗೆ ಹೊರಟ್ರಿ ಅಮ್ಮ?" ಎಂದ. ಉತ್ತರ ಕೊಡುವಷ್ಟರಲ್ಲಿ ಮುಂಗೈ ಹಿಡಿದುಕೊಂಡಿತು. ಇಳಿದ ಮೇಲೆ ಅವನು ಕೊಟ್ಟ ಲೋಟ ಹಿಡಿಯಲು ಎರಡೂ ಕೈ ಬೇಕಾಯಿತು. ಕೂರುವುದಕ್ಕೆ ಮೆತ್ತಗಿರುವುದು ಹಿಡಿಯುವುದಕ್ಕೆ ಆಗುವುದಿಲ್ಲ. ಇಷ್ಟು ವರ್ಷ ಹೊಲಿದವಳಿಗೆ ಹೊಳೆಯಲಿಲ್ಲ. ಅವಳು ತೆಳುವಾದದ್ದು ಕೊಟ್ಟಳೆಂದು ನಾನು ದಪ್ಪ ಮಾಡಿದೆ, ಬೇರೆ ಕಾರಣವೇ ಇರಲಿಲ್ಲ.

ಆಮೇಲೆ ಬಂದ ಕೋಪ ಬೇರೆ. ನನ್ನ ಸೀಟಿನಿಂದ ಈ ಊರಿನಲ್ಲಿ ಯಾರೂ ಬಿದ್ದಿಲ್ಲ ಕಣೇ. ಕುಡಿದವನೂ ಬಿದ್ದಿಲ್ಲ. ನಾನು ಕೈಯಾರೆ ಹೊಲಿದದ್ದು ಯಾರದೋ ಮಗಳನ್ನು ಮಣ್ಣಿಗೆ ಬಡಿಯಿತು. ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು. ಮೇಲೆ ಇದ್ದದ್ದನ್ನು ಪಕ್ಕಕ್ಕೆ ಸರಿಸಿದೆ ಎಂದು ಬರೆದಿದ್ದೀಯಲ್ಲ, ಆ ಸರಿಸಿದ ಕೈ ನನಗೆ ಕಣ್ಣು ಮುಚ್ಚಿದರೂ ಕಾಣುತ್ತದೆ. ನೀನೂ ಬಿಡಬೇಡ ಎಂದು ಬರೆದವಳು ನಾನೇ, ಹೌದು. ಅದನ್ನು ನೀನು ನನಗೆ ನೆನಪಿಸಬೇಕಾಗಿಲ್ಲ.

ಆರು ಜೊತೆಯನ್ನೂ ಬಿಚ್ಚಿದೆ. ಹೊಲಿಯುವುದಕ್ಕಿಂತ ಬಿಚ್ಚುವುದು ನಿಧಾನ.

ನಿನ್ನಪ್ಪನ ಫೋನಿನಿಂದ ನಿಮ್ಮ ಮೇಡಮ್ಮನಿಗೆ ಮಾತಾಡಿದೆ. ಬಲಗಿವಿಗೆ ಹಿಡಿದುಕೊಂಡು. ಗಾಬರಿಯಾಗಬೇಡ, ಕೈಗವಸಿನ ಮಾತು ಎತ್ತಲಿಲ್ಲ, ಅದು ನಾನು ಹೇಳುವ ಮಾತಲ್ಲ. ಜಾರದ ಸೀಟು ಹೇಗಿರಬೇಕು ಎಂದು ಕೇಳಿದೆ. ಸ್ಪಂಜು ಕಡಿಮೆ, ಮೇಲೆ ಒರಟು ರೆಕ್ಸಿನ್, ಮೈ ಹಿಂದಕ್ಕೆ ಸರಿಯದ ಹಾಗೆ ಅಡ್ಡಡ್ಡ ಏಣುಗಳು, ಪಕ್ಕದಲ್ಲಿ ಮೊಣಕಾಲು ಕಚ್ಚುವಂತೆ ಬಿಗಿ. ಅಳತೆಯನ್ನೂ ನಿಧಾನವಾಗಿ ಎರಡೆರಡು ಸಲ ಹೇಳಿದಳು. "ನಿಮ್ಮ ಮೊಮ್ಮಗಳು ಯಾವಾಗಲೂ ನಿಮ್ಮ ಮಾತೇ ಆಡ್ತಾಳೆ, ಅಜ್ಜಿ ಹಿಂಗಂದ್ರು ಅಜ್ಜಿ ಹಂಗಂದ್ರು, ಕೇಳಿ ಕೇಳಿ ನಂಗೇ ಸಾಕಾಗಿದೆ" ಎಂದಳು. ಧ್ವನಿಯೂ ಚೆನ್ನಾಗಿದೆ ಅವಳದು. ಬೈಯಲು ಏನೂ ಸಿಗಲಿಲ್ಲ, ಅದೊಂದು ಹೊಟ್ಟೆ ಉರಿ ಬೇರೆ.

ಈ ಪೊಟ್ಟಣದಲ್ಲಿ ಒಂದು ಸೀಟ್ ಕವರ್ ಇದೆ. ಬಿಚ್ಚಿದ ಕೈಗವಸಿನ ಸ್ಪಂಜನ್ನೇ ಸೀಳಿ ಏಣು ಮಾಡಿ ಒಳಗೆ ಕೂರಿಸಿದ್ದೇನೆ. ಬದಿಯಲ್ಲಿ ನೀಲಿ ದಾರ ಹಾಕಿದ್ದೇನೆ, ಯಾರದೆಂದು ಅನುಮಾನ ಬೇಡ. ನಿನ್ನದಲ್ಲ. ನೀನೇ ಅವಳ ಬೈಕಿನ ಹಳೆಯದನ್ನು ಕಿತ್ತು, ಇದನ್ನು ಎಳೆದು, ಮೂಲೆ ನೆರಿಗೆ ಬೀಳದ ಹಾಗೆ ಪಿನ್ನು ಹೊಡೆದು ಕೂರಿಸಬೇಕು. ಹೇಗೆಂದು ನಿನಗೆ ಕಲಿಸಿದ್ದೇನೆ. "ಯಾಕೆ?" ಎಂದು ಅವಳು ಕೇಳುತ್ತಾಳೆ. ಅದಕ್ಕೆ ಏನು ಹೇಳುತ್ತೀಯ ಎಂಬುದು ನಿನಗೆ ಬಿಟ್ಟದ್ದು.

ಇನ್ನೂ ಕೋಪದಲ್ಲಿರುವ
ಅಜ್ಜಿ

ಅಕ್ಟೋಬರ್ ೨೦

ಅಜ್ಜಿ,

ಸೀಟು ಕೂರಿಸಿದೆ. ಒಂದು ನೆರಿಗೆಯೂ ಇಲ್ಲ. ನೀಲಿ ನೆಲದಲ್ಲಿ ಕೂತು ನಾನು ಪಿನ್ನು ಹೊಡೆಯುವುದನ್ನೇ ನೋಡುತ್ತಿದ್ದಳು. ನೀನು ಹೇಳಿದ ಹಾಗೆಯೇ ಕೇಳಿದಳು, "ನಂಗ್ಯಾಕೆ? ನಿಂಗಲ್ವಾ?"

ಹೇಳಿದೆ. ತಲೆ ಎತ್ತದೆ ಹೇಳಿದೆ. ಮೇಲೆ ಇನ್ನೊಂದು ಜೊತೆ ಇತ್ತು ಎಂಬುದನ್ನೂ.

ಅವಳು ಪಿನ್ನಿನ ಡಬ್ಬಿಯನ್ನು ಮುಚ್ಚುವುದು ತೆಗೆಯುವುದು ಮಾಡುತ್ತಿದ್ದಳು. ಆಮೇಲೆ ಕೇಳಿದಳು, "ಅಷ್ಟು ಹೊಟ್ಟೆ ಉರೀತಿತ್ತಾ?"

"ಹೂಂ."

"ನಂಗೂ ಉರೀತಿತ್ತು."

"ನಿಂಗ್ಯಾಕೆ? ಕೈ ಸೋಲ್ತಿರ್ಲಿಲ್ಲ, ಮೇಡಂ ಹೊಗಳ್ತಿದ್ರು."

"ನಿಂಗೆ ಕಾಗದ ಬರುತ್ತೆ" ಎಂದಳು. "ಓದಿ ಓದಿ ನಗ್ತೀಯ. ನಂಗೆ ಇಲ್ಲಿಗೆ ಬಂದಾಗಿನಿಂದ ಒಂದೂ ಬಂದಿಲ್ಲ."

ಎರಡು ದಿನ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ನನ್ನ ಕಂಬಳಿ ಹಾಗೇ ಮುದ್ದೆಯಾಗಿ ಬಿದ್ದಿತ್ತು. ಮೂರನೇ ದಿನ ನೋಡಿದರೆ ಮಡಚಿತ್ತು.

ಮೇಡಂಗೂ ನಾನೇ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನೀಲಿಯ ಮಣಿಕಟ್ಟು ವಾಸಿಯಾಗುವವರೆಗೆ ಕಾದು, ಮೊನ್ನೆ ಭಾನುವಾರ ಇಬ್ಬರನ್ನೂ ಮತ್ತೆ ಓಡಿಸಿದರು. ನೀಲಿ ನಿನ್ನ ಸೀಟಿನ ಮೇಲೆ, ನಾನು ಜಾರುವ ಹಳೆಯದರ ಮೇಲೆ. ಎಂಟು ಸುತ್ತು. ಮೊಣಕಾಲು ಬಿಡಲಿಲ್ಲ. ಹೆಲ್ಮೆಟ್ಟಿನೊಳಗೆ ಕೊನೆಯವರೆಗೂ ಮಾತಾಡಿದೆ. ಏನು ಮಾತಾಡುತ್ತೇನೆ ಎಂದು ಈಗ ಹೇಳುತ್ತೇನೆ. ನೀನು ಬೈಯುವುದನ್ನೆಲ್ಲ ನಿನ್ನ ಧ್ವನಿಯಲ್ಲೇ ಬೈದುಕೊಳ್ಳುತ್ತೇನೆ. ಮೂತಿ ಹೋಗುತ್ತೆ ಎಂಬುದರಿಂದ ಶುರು ಮಾಡಿದರೆ ಎಂಟು ಸುತ್ತಿಗೂ ಮುಗಿಯುವುದಿಲ್ಲ.

ನೀಲಿ ಒಂದು ಚಕ್ರದಷ್ಟು ಮುಂದೆ ಬಂದು ಗೆದ್ದಳು. ಜಾಗ ಅವಳದು. ನಾನು ತಂಡದ ಜೊತೆ ಬದಲಿಯಾಗಿ ಹೋಗುತ್ತೇನೆ, ಯಾರಿಗಾದರೂ ಆಗದಿದ್ದರೆ ಮಾತ್ರ ನನಗೆ. ಆದರೆ ಅಜ್ಜಿ, ಇಳಿದ ಮೇಲೆ ಮುಷ್ಟಿ ತಾನಾಗಿಯೇ ತೆರೆದುಕೊಂಡಿತು. ಬಾಟಲಿಯ ಮುಚ್ಚಳ ಒಂದೇ ತಿರುವಿಗೆ ತೆಗೆದೆ. ನೀಲಿಯದನ್ನೂ ನಾನೇ ತೆಗೆದುಕೊಟ್ಟೆ.

ಇನ್ನೊಂದು ವಿಷಯ. ಸೀಟಿಗೆ ಥ್ಯಾಂಕ್ಸ್ ಹೇಳಿ ನೀಲಿ ನಿನಗೆ ಕಾಗದ ಬರೆದಳಂತೆ. ನೀನು ಉತ್ತರ ಬರೆದೆಯಂತೆ. ಎರಡು ಪುಟ. ನಾನು ಎಣಿಸಿದೆ. ಇಲಿ ಸಂಸಾರ ಹೂಡಿದ ಕಥೆ ಅವಳಿಗೆ ನನಗಿಂತ ಉದ್ದವಾಗಿ ಬರೆದಿದ್ದೀಯ. ಅವಳು ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು, ದಿನಾ ತೆಗೆದು ಓದಿ, "ನಮ್ಮಜ್ಜಿ ಏನು ಬರೆದಿದಾರೆ ನೋಡು" ಎನ್ನುತ್ತಾಳೆ. ನಮ್ಮಜ್ಜಿ ಅಂತೆ. ಯಾವಾಗಿನಿಂದ? ಅವಳನ್ನು ನೀನು ಏನೆಂದು ಕರೆದಿದ್ದೀಯ ಎಂದು ಕೇಳಿದರೆ ತೋರಿಸುವುದಿಲ್ಲ, ಕೈ ಅಡ್ಡ ಇಡುತ್ತಾಳೆ. ನನಗೆ ಬಂದ ಕೊನೆಯ ಕಾಗದದಲ್ಲಿ ಬರೀ ಬೈಗುಳ. ಅವಳಿಗೆ ಮಾತ್ರ ಕಥೆಯೇ?

ನನ್ನ ಸೀಟು ಎಲ್ಲಿ?

ನಿನ್ನ (ಒಬ್ಬಳೇ) ಕಪ್ಪೆ

ಅಕ್ಟೋಬರ್ ೨೯

ಕಪ್ಪೆಗೆ,

ನಿನ್ನ ಕಾಗದ ಬಂದಿದೆ. ನಿನ್ನಪ್ಪನ ಕೈಗೆ ಸಿಗುವ ಮೊದಲೇ ಕಿತ್ತುಕೊಂಡೆ. ಎಲ್ಲ ಓದಿದೆ, ಕಣ್ಣೊರೆಸಿಕೊಳ್ಳುವ ಕಡೆ ಒರೆಸಿಕೊಂಡೆ, ಅದು ನಿನಗೆ ಬೇಡದ ವಿಷಯ. ಕೊನೆಯ ಭಾಗವನ್ನು ಮಾತ್ರ ನಿನ್ನಮ್ಮನಿಗೆ ಒಂದು ಸಲ, ಟೀ ಅಂಗಡಿಯವನಿಗೆ ಒಂದು ಸಲ, ಎದುರಿನ ಅಂಗಡಿಯವನಿಗೆ ಕೇಳಲಿ ಎಂದು ಬಾಗಿಲಲ್ಲಿ ನಿಂತು ಇನ್ನೊಂದು ಸಲ ಓದಿದೆ.

ಪುಟ ಎಣಿಸಿದೆಯಾ? ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾಳಾ? ಕೈ ಅಡ್ಡ ಇಡುತ್ತಾಳಾ? ಜೂನಿನಿಂದ ಇಲ್ಲಿಯವರೆಗೆ ನನಗೆ ಊಟ ಹೀಗೆ ರುಚಿಸಿರಲಿಲ್ಲ.

ನಿನ್ನ ಸೀಟು ಯಂತ್ರದ ಕೆಳಗಿದೆ. ಒಂದು ಪಕ್ಕ ಹೊಲಿದಾಗಿದೆ. ದಾರ ಹಸಿರು, ಕಪ್ಪೆಯದು. ಆದಾಗ ಬರುತ್ತದೆ.

ಈಗ ಹೊತ್ತಿಲ್ಲ. ನೀಲಿಗೆ ಬರೆಯಬೇಕು, ಈ ಸಲ ಮೂರು ಪುಟವಾಗಬಹುದು.

ಇಬ್ಬರ
ಅಜ್ಜಿ